ಹಂಡನಿಗೆ ಕಡಲು ತೋರಿಸಿದ್ದು

ಗುಮ್ಮಘಟ್ಟ
9 ಫೆಬ್ರವರಿ 2025

ಪ್ರೀತಿಯ ಮಂಜುಳಕ್ಕನಿಗೆ,

ನಿನ್ನ ತಂಗಿ ಲೀಲಾ ಮಾಡುವ ನಮಸ್ಕಾರ. ನೀನು, ಭಾವ, ಪಾಪು ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಹತ್ತು ದಿನದಿಂದ ನಿನ್ನ ಫೋನ್ ಎತ್ತದೆ ಈಗ ಕಾಗದ ಬರೆಯುತ್ತಿದ್ದೇನೆಂದು ಬೈಯಬೇಡ. ಫೋನ್ ಎತ್ತಿದರೆ ನಿಮ್ಮತ್ತೆ ಈಶ್ವರಮ್ಮನವರು, ‘ಸ್ಪೀಕರ್ ಹಾಕಮ್ಮಿ, ನಾವೂ ಕೇಳ್ತೀವಿ’ ಅನ್ನುತ್ತಾರೆ. ಇಬ್ಬರು ಕೇಳುತ್ತಿದ್ದಾರೆಂದರೆ ನನಗೆ ಮಾತೇ ಹೊರಡುವುದಿಲ್ಲ, ನಿನಗೆ ಗೊತ್ತಲ್ಲ.

ಹಂಡನ ವಿಷಯ ಅಮ್ಮ ಹೇಳಿರಬೇಕು. ಮದುವೆಗೆ ಮುಂಚೆ ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ನಾಯಿ ಹೋದ ತಿಂಗಳು ಕುರಿಮರಿಯೊಂದನ್ನು ಕೊಂದಿತೆಂದು ಎಲ್ಲರೂ ನಂಬಿದರು. ಅಂಥ ನಾಯಿಯನ್ನು ನಮ್ಮ ಮನೆಯಲ್ಲಿ ಹೊಡೆದು ಕೊಲ್ಲುವುದಿಲ್ಲ, ಯಾರಿಗೂ ಮಾರುವುದಿಲ್ಲ. ವಾಸನೆ ಹಿಡಿದು ತಿರುಗಿ ಬರದ ಹಾಗೆ ಹೊಳೆ ದಾಟಿಸಿ ಬಿಟ್ಟು ಬರುತ್ತಾರೆ. ತಾತ ಬಿಟ್ಟು ಬಂದ ನಾಯಿಯೊಂದು ಹಗರಿ ಹೊಳೆಯನ್ನು ಈಜಿ, ಮೂರನೆಯ ದಿನ ಕುರಿದೊಡ್ಡಿಯ ಮುಂದೆ ಮಲಗಿದ್ದ ಕಥೆಯನ್ನು ಅಪ್ಪ ನಮಗೆ ಎಷ್ಟು ಸಲ ಹೇಳಿಲ್ಲ!

ಹಾಗಾಗಿ ಹೋದ ವಾರ ಅಪ್ಪ ಇದ್ದಕ್ಕಿದ್ದ ಹಾಗೆ, ‘ಲೀಲಾ, ಸಮುದ್ರ ನೋಡಿ ಬರಾಣ ನಡಿ’ ಅಂದಾಗ ನಾನು ಮೊದಲು ಹಂಡನ ಕಡೆ ನೋಡಿದೆ. ನಿನ್ನ ಮದುವೆಗೆ ಬಂದು ಊಟದ ಎಲೆ ಎತ್ತುವ ಮೊದಲೇ ಕುರಿ ಅಂತ ವಾಪಸು ಓಡಿದ ಮನುಷ್ಯ ಇವನು.

‘ಕುರಿ ಯಾರು ನೋಡ್ಬೇಕು?’ ಅಂದಳು ಅಮ್ಮ.

‘ನೀ ಅದಿಯಲ್ಲ.’

ರಾಯದುರ್ಗದಿಂದ ಚಂದ್ರಮೋಹನ್ ಮಾಮ ತನ್ನ ಬಾಡಿಗೆಯ ಓಮ್ನಿ ತಂದಿದ್ದ. ‘ಡಿಗ್ರಿ ಮುಗಿಸಿದ ಹುಡುಗಿ ಸಮುದ್ರ ನೋಡಿಲ್ಲಂದ್ರ ಹೆಂಗ?’ ಅಂದ. ಡಿಗ್ರಿ ಮುಗಿದು ವರ್ಷವಾಗಿದೆ, ಸಮುದ್ರ ಈಗ ಯಾಕೆ ನೆನಪಾಯಿತು? ಹಿಂದಿನ ಸೀಟಿನಲ್ಲಿ ಗೋಣಿಚೀಲ ಹಾಸಿ ಅಪ್ಪ ಹಂಡನನ್ನು ಹತ್ತಿಸುತ್ತಿದ್ದ.

‘ನಾಯಿ ಯಾಕ ಮಾಮ?’

‘ಅದೂ ನೋಡ್ಲಿ ಬಿಡು. ಅದಕೇನು ಟಿಕೆಟ್ಟಾ?’

ಮಾಮ ನಕ್ಕ. ಅಪ್ಪ ನಗಲಿಲ್ಲ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದೆವು. ಅಂಥ ದೋಸೆ ನಾನು ತಿಂದೇ ಇರಲಿಲ್ಲ ಅಕ್ಕ, ಬೆರಳೆಲ್ಲ ಬೆಣ್ಣೆ. ಆದರೆ ಅಪ್ಪ ತನ್ನ ದೋಸೆಯಲ್ಲಿ ಅರ್ಧ ಮುರಿದು ಹಂಡನಿಗೆ ಹಾಕಿದ. ಮನೆಯಲ್ಲಿ ಮಿಕ್ಕ ಮುದ್ದೆ ಬಿಟ್ಟು ಬೇರೇನೂ ಹಾಕದವನಿಗೆ ಇವತ್ತೇನು ಇಷ್ಟು ಪ್ರೀತಿ? ಹರಿಹರದಲ್ಲಿ ತುಂಗಭದ್ರೆಯ ಸೇತುವೆ ಬಂತು. ಮುಂದೆ ಕೂತಿದ್ದ ಅಪ್ಪ ಪೂರ್ತಿ ಹಿಂದಕ್ಕೆ ತಿರುಗಿದ. ನಾನು ಹಂಡನ ಕೊರಳಿಗೆ ಕೈ ಹಾಕಿದೆ.

‘ನಿಲ್ಸ್ಲೇನ್ರಿ ಭಾವ?’ ಅಂದ ಮಾಮ.

‘ಬ್ಯಾಡ. ಇನ್ನಾ ಮುಂದ ಐತಿ.’

ಹಾವೇರಿ ದಾಟಿದ ಮೇಲೆ ವರದಾ ನದಿಯಲ್ಲೂ ಹಾಗೆಯೇ ತಿರುಗಿದ. ಶಿರಸಿಯ ಘಟ್ಟ ಇಳಿದು ಮಿರ್ಜಾನಿನ ಹತ್ತಿರ ಅಘನಾಶಿನಿ ಬಂದಾಗಲೂ ಅಷ್ಟೇ. ಅಷ್ಟು ಹೊತ್ತಿಗೆ ಹಂಡ ನನ್ನ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು.

ಗೋಕರ್ಣದ ಈಚೆ, ದಂಡೆಯ ಮೇಲೆ ನಾಗಕ್ಕ ಅನ್ನುವವರ ಚಿಕ್ಕ ಹೋಟೆಲು. ರವೆ ಹಚ್ಚಿ ಹುರಿದ ಬಂಗುಡೆ, ಕಾಯಿ ಅರೆದು ಮಾಡಿದ ಮೀನು ಸಾರು, ಕುಚ್ಚಲಕ್ಕಿ ಅನ್ನ. ಮಾಮ ಒಂದು ಅಗುಳು ಎತ್ತಿ ಹಿಡಿದು, ‘ನೋಡ್ರಿ ಭಾವ, ಶೇಂಗಾ ಬೀಜ ಇದ್ದಂಗ ಐತಿ! ಇದನ್ನ ಉಣ್ಬೇಕೋ, ಬಿತ್ತಬೇಕೋ?’ ಅಂದ. ನಾಗಕ್ಕ ಜೋರಾಗಿ ನಕ್ಕು ಇನ್ನೊಂದು ಸೌಟು ಬಡಿಸಿದರು. ಅಪ್ಪ ಮಾತ್ರ ಒಂದೊಂದೇ ಮುಳ್ಳು ಬಿಡಿಸಿ ಹಂಡನ ಮುಂದಿನ ಎಲೆಗೆ ಮೀನು ಹಾಕುತ್ತಿದ್ದ. ತನ್ನ ಮುದ್ದಿನ ನಾಯಿ ದೀಪಾವಳಿಗೆ ಸತ್ತಿತೆಂದೂ, ಒಣಹಾಕಿದ ಮೀನಿಗೆ ಕಾಗೆ ಬೆಕ್ಕುಗಳ ಕಾಟ ತಡೆಯಲಾಗುತ್ತಿಲ್ಲವೆಂದೂ ನಾಗಕ್ಕ ಹೇಳಿದರು. ಅಪ್ಪ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಗಮನವಿಟ್ಟು ಕೇಳಿದ. ಕೈ ತೊಳೆಯುವಲ್ಲಿ ಅಪ್ಪ, ನಾಗಕ್ಕ ಇಬ್ಬರೂ ಏನೋ ಮಾತಾಡುತ್ತಿದ್ದರು. ನಾನು ಹತ್ತಿರ ಹೋದ ಕೂಡಲೇ ಮಾತು ಬದಲಿಸಿದರು. ತಿರುಗಿ ಊಟಕ್ಕೆ ಬಂದು ಕೂತು ಮಾಮನನ್ನು ಕೇಳಿದೆ.

‘ಮಾಮ, ಹಂಡನ್ನ ಇಲ್ಲೇ ಬಿಡಾಕ ಬಂದೀರೇನು?’

‘ಏ, ಮೀನು ಆರತೈತಿ, ತಿನ್ನು. ಕಥಿ ಪುಸ್ತಕ ಓದಿ ಓದಿ ನಿನಗ ಎಲ್ಲಾದರಾಗೂ ಕಥಿನ ಕಾಣ್ತೈತಿ.’

ಆದರೆ ಅವನು ನನ್ನ ಮುಖ ನೋಡದೆ ಈ ಮಾತು ಹೇಳಿದ.

ಊಟವಾದ ಮೇಲೆ ಅಪ್ಪ ಹಗ್ಗ ಹಿಡಿದು ಹಂಡನನ್ನು ನೀರಿನ ಹತ್ತಿರ ಕರೆದುಕೊಂಡು ಹೋದ. ನಾನೂ ಹಿಂದೆ ಹೋದೆ. ಹಂಡ ಅಲೆಯನ್ನು ಬೊಗಳಿ ಅಟ್ಟುವುದು, ಅಲೆ ತಿರುಗಿ ಬಂದರೆ ಬಾಲ ಮಡಚಿ ಓಡುವುದು. ನೀನಿದ್ದಿದ್ದರೆ ನಕ್ಕು ನಕ್ಕು ಮರಳಲ್ಲಿ ಬೀಳುತ್ತಿದ್ದೆ. ಅಪ್ಪ ಮಂಡಿಯುದ್ದ ನೀರಿನಲ್ಲಿ ನಿಂತು ಬಹಳ ಹೊತ್ತು ದೂರ ನೋಡಿದ.

‘ಇದಕ ಆ ಕಡೆ ದಂಡೀನ ಇಲ್ಲ ನೋಡು’ ಅಂದ. ಆಮೇಲೆ, ‘ಲೀಲಾ, ಹಂಡನ್ನ ಬಿಡಾಣೇನು? ನೀ ಹೇಳು.’

‘ನಾ ಯಾಕಪ್ಪ?’

‘ಅದು ಮರಿ ಕೊಂದಿದ್ದು ನೋಡಿದಾಕಿ ನೀನ ಅಲ್ಲೇನವ್ವ. ನೀ ಹೆಂಗಂದ್ರ ಹಂಗ.’

ಅಷ್ಟು ಹೇಳಿ ಕಾದ. ನಾನು ಅಲೆಗಳನ್ನು ನೋಡುತ್ತ ನಿಂತೆ. ನನ್ನ ಪಾದದ ಕೆಳಗಿನ ಮರಳು ಜಾರುತ್ತಿತ್ತು. ಆಮೇಲೆ ಅಪ್ಪ ಹಂಡನನ್ನು ಕರೆದು, ದಂಡೆ ಹತ್ತಿ, ಹಗ್ಗವನ್ನು ನಾಗಕ್ಕನ ಕೈಗೆ ಕೊಟ್ಟ. ‘ಬಾಳ ಒಳ್ಳೇದೈತ್ರಿ’ ಎಂದಷ್ಟೇ ಹೇಳಿದ. ಓಮ್ನಿ ಹೊರಟಾಗ ಹಂಡ ಇದೂ ಒಂದು ಆಟವೆಂದುಕೊಂಡು ಹಗ್ಗದ ತುದಿಯವರೆಗೂ ಬಾಲ ಅಲ್ಲಾಡಿಸುತ್ತ ಓಡಿ ಬಂತು.

ನೀನು ಅಳಬೇಡ. ನಾಗಕ್ಕ ನನ್ನ ನಂಬರ್ ತೆಗೆದುಕೊಂಡು ದಿನಬಿಟ್ಟು ದಿನ ಫೋಟೋ ಕಳಿಸುತ್ತಾರೆ. ಹಂಡ ದೋಣಿಯ ನೆರಳಲ್ಲಿ ಕಾಲು ಚಾಚಿ ಮಲಗಿರುತ್ತದೆ, ಮೀನು ತಿಂದು ಆಗಲೇ ದಪ್ಪಗಾಗತೊಡಗಿದೆ. ಅಮ್ಮ ಆರೋಗ್ಯವಾಗಿದ್ದಾಳೆ. ಈ ಸಲ ಮರಿಗಳು ಚೆನ್ನಾಗಿ ಬೆಳೆದಿವೆ.

ಪಾಪುವಿಗೆ ನನ್ನ ಮುತ್ತು ಕೊಡು. ನೇಮಕಲ್ಲಿನ ಆಂಜನೇಯ ಅವನಿಗೆ ಗಟ್ಟಿ ಕಾಲು ಕೊಡಲಿ, ಬೇಗ ನಡೆಯಲಿ. ದೊಡ್ಡವರಿಗೆಲ್ಲ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಶಿವಲೀಲಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಅಕ್ಕ, ಹಂಡ ಆ ಮರಿಯನ್ನು ಕೊಲ್ಲಲಿಲ್ಲ. ಅವತ್ತು ಮರಿಗಳನ್ನು ಕಾಯಬೇಕಾದವಳು ನಾನು. ಕಾದಂಬರಿಯ ಕೊನೆಯ ಪುಟಗಳು ಉಳಿದಿದ್ದವು. ದೊಡ್ಡಿಯ ಮುಳ್ಳುಬಾಗಿಲು ಕಟ್ಟದೆ ಮನೆಯೊಳಗೆ ಹೋಗಿ ಕೂತೆ. ಗದ್ದಲ ಕೇಳಿ ಹೊರಗೆ ಬಂದಾಗ ಎರಡು ಬೀದಿನಾಯಿಗಳನ್ನು ಹಂಡ ಒಂದೇ ಅಟ್ಟುತ್ತಿತ್ತು. ಅಟ್ಟಿ ಬಂದು ಸತ್ತ ಮರಿಯನ್ನು ನೆಕ್ಕುತ್ತ ನಿಂತಿತು. ಅಷ್ಟರಲ್ಲಿ ಅಪ್ಪ ಬಂದು, ‘ಯಾವುದು ಮಾಡಿದ್ದು?’ ಅಂದ. ನಾನು ಹಂಡನ ಕಡೆ ಕೈ ತೋರಿಸಿ, ‘ನಾನೇ ನೋಡಿದೆ’ ಅಂದುಬಿಟ್ಟೆ.

ಅವತ್ತು ಸಂಜೆ ಅಪ್ಪ ಹಂಡನ ಹರಿದ ಕಿವಿಗೆ ಅರಿಸಿನ ಹಚ್ಚುತ್ತ ಕೂತಿದ್ದ. ಕುರಿಮರಿ ನಾಯಿಯ ಕಿವಿ ಹರಿಯುವುದಿಲ್ಲ ಎಂದು ಅವನಿಗೆ ಯಾರಾದರೂ ಹೇಳಿಕೊಡಬೇಕೇ? ದಾರಿಯುದ್ದಕ್ಕೂ ನಾನು ಅವನನ್ನು ಅನುಮಾನಿಸುತ್ತ ಕೂತಿದ್ದೆ. ಅವನು ನನ್ನ ಒಂದು ಮಾತಿಗಾಗಿ ಅಷ್ಟು ದೂರ ಬಂದಿದ್ದ. ನಾನು ಆಡಲಿಲ್ಲ. ಇವತ್ತಿನವರೆಗೂ ಆಡಿಲ್ಲ.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಅಮ್ಮ ಎಂದಿನಂತೆ ನನ್ನನ್ನು ಮರಿಗಳ ಹತ್ತಿರ ಹೋಗು ಅಂದಳು. ಅಪ್ಪ ತಲೆಗೆ ರುಮಾಲು ಸುತ್ತುತ್ತಿದ್ದ. ದನಿಯಲ್ಲಿ ಸಿಟ್ಟೇ ಇರಲಿಲ್ಲ ಅಕ್ಕ.

‘ಆಕಿನ್ನ ಮರಿ ಹತ್ರ ಕಳಸಬ್ಯಾಡ’ ಅಂದ. ‘ಆಕಿ ಓದ್ಕೊಳ್ಳಿ.’