ಒಂಬತ್ತು ತಪ್ಪು ಉತ್ತರಗಳು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ನಿನ್ನ ಎರಡು ಕಾಗದ ಬಂದರೂ ನಾನು ಒಂದು ಸಾಲು ಬರೆಯಲಿಲ್ಲ. ಬೇಜಾರು ಮಾಡ್ಕೋಬೇಡ. ಫೋನಿನಲ್ಲಿ ಹೇಳಲು ಹೊರಟರೆ ಎಲ್ಲಿಂದ ಶುರುಮಾಡಬೇಕೋ ತಿಳಿಯುತ್ತಿರಲಿಲ್ಲ, ಅದಕ್ಕೇ "ಎಲ್ಲ ಚೆನ್ನಾಗಿದೀವಿ" ಅಂದು ಇಟ್ಟುಬಿಡುತ್ತಿದ್ದೆ. ಇವತ್ತು ಇಸ್ತ್ರಿ ಅಂಗಡಿಗೆ ರಜೆ ಹಾಕಿ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಸುದ್ದಿ ಒಳ್ಳೆಯದೇ.

ನನ್ನ ಮಗಳು ಗುಬ್ಬಿ ಈ ವರ್ಷ ಏಳನೇ ತರಗತಿಯಲ್ಲವೇ? ಯಾವ ಶಾಲೆಯೇ ಆಗಲಿ, ಏಳನೆಯವರಿಗೆಲ್ಲ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ಇರುತ್ತದೆ. ಮಕ್ಕಳು ಪೆನ್ಸಿಲಿನಿಂದ ಸೊನ್ನೆ ತುಂಬಬೇಕು, ಯಂತ್ರ ತಿದ್ದುತ್ತದೆ. ಅದರ ಅಂಕ ನೋಡಿ ಎಂಟನೇ ತರಗತಿಯಲ್ಲಿ ಯಾರು ಯಾವ ಗುಂಪು ಅಂತ ವಿಂಗಡಿಸುತ್ತಾರೆ. ಪರೀಕ್ಷೆಗೆ ಮುಂಚೆ ತಿಂಗಳಿಡೀ ಮನೆಯಲ್ಲಿ ಅದೇ ಜಪ. ಇವರು ಬ್ರೆಡ್ ವ್ಯಾನ್ ನಿಲ್ಲಿಸಿ ಬಂದು, ಒರಗಿಕೊಂಡೇ ಹಳೇ ಪ್ರಶ್ನೆ ಕೇಳುವುದು, ಅವಳು ಪಟಪಟ ಉತ್ತರ ಹೇಳುವುದು. ನಾನು ಕೇಳಿದರೆ ಮಾತ್ರ "ಹ್ಞಾಂ?" ಅಂತ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಪ್ಪನ ಮಾತಿಗೆ ಎರಡು ಕಿವಿ, ಅಮ್ಮನ ಮಾತಿಗೆ ಒಂದೂ ಇಲ್ಲ" ಅಂತ ನಾನೇ ಆಡಿಕೊಂಡು ನಗುತ್ತಿದ್ದೆ. ನಿಜ ಹೇಳಲಾ, ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು.

ಫಲಿತಾಂಶ ಬಂತು. ಗಣಿತ, ಓದು ಎಲ್ಲದರಲ್ಲೂ ತೊಂಬತ್ತರ ಮೇಲೆ. ಧ್ವನಿಮುದ್ರಣ ಕೇಳಿ ಉತ್ತರಿಸುವ ಭಾಗದಲ್ಲಿ ಮಾತ್ರ ಇಪ್ಪತ್ತಕ್ಕೆ ಹನ್ನೊಂದು. ಜೊತೆಗೆ ಮುಖ್ಯೋಪಾಧ್ಯಾಯರ ಚೀಟಿ: "ಏಕಾಗ್ರತೆ ಇಲ್ಲ. ನಿಧಾನ ಕಲಿಕೆಯ ಗುಂಪಿಗೆ." ನಾನು ಅವಳನ್ನು ಕೂರಿಸಿಕೊಂಡು ಬೈದೆ. ತಲೆ ತಗ್ಗಿಸಿ ಕೂತಿದ್ದಳು.

ಮಾರನೇ ದಿನ ಅವಳ ಗಣಿತದ ಟೀಚರ್ ಅಂಗಡಿಗೇ ಬಂದರು. ಯಾವುದೋ ಸೀರೆ ಕೊಡಲು ಬಂದಿರಬೇಕು ಅಂದುಕೊಂಡೆ. ಅವರು ಚೀಲದಿಂದ ಗುಬ್ಬಿಯ ಉತ್ತರಪಟ್ಟಿ ತೆಗೆದು ನನ್ನ ಇಸ್ತ್ರಿ ಮೇಜಿನ ಮೇಲೇ ಹರಡಿದರು.

"ನೋಡಿ, ಧ್ವನಿಮುದ್ರಣದಲ್ಲಿ ಇಪ್ಪತ್ತು ಪ್ರಶ್ನೆ. ಒಂಬತ್ತನ್ನ ಗಂಡಸು ಓದಿದಾರೆ. ಒಂಬತ್ತೂ ಸರಿ. ಹನ್ನೊಂದನ್ನ ಹೆಂಗಸು ಓದಿದಾರೆ. ಅದರಲ್ಲಿ ಒಂಬತ್ತು ತಪ್ಪು. ಗಮನ ಇಲ್ಲದ ಮಗು ಅಲ್ಲೊಂದು ಇಲ್ಲೊಂದು ತಪ್ಪು ಮಾಡುತ್ತೆ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲ್ಲ. ಕಿವಿ ತೋರಿಸಿದೀರಾ?"

ನನಗೆ ಸಿಟ್ಟು ಬಂತು. "ನನ್ನ ಮಗಳು ಕಿವುಡಿ ಅಲ್ಲ. ಅವರಪ್ಪ ಆಚೆ ರೂಮಿಂದ ಕರೆದ್ರೂ ಓಡಿಬರ್ತಾಳೆ" ಅಂದೆ.

ಅವರು ಮೆಲ್ಲಗೆ ಕೇಳಿದರು: "ನೀವು ಕರೆದ್ರೆ?"

ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂದಾಗಲೇ ಎಚ್ಚರ. ಯಾರದೋ ಬಿಳಿ ಅಂಗಿಯ ತೋಳು ಕಂದಾಗಿತ್ತು.

ಆ ಪುಣ್ಯಾತ್ಗಿತ್ತಿ ತಮ್ಮ ಅರ್ಧ ದಿನ ರಜೆ ಹಾಕಿ ನಮ್ಮ ಜೊತೆ ಆಸ್ಪತ್ರೆಗೂ ಬಂದರು. ಗಾಜಿನ ಕೋಣೆಯಲ್ಲಿ ಗುಬ್ಬಿಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದರೆ ಒತ್ತಬೇಕು. ಮೊದಮೊದಲು ಟಕ್ ಟಕ್ ಅಂತ ಒತ್ತಿದಳು. ಆಮೇಲೆ ಬೆರಳು ನಿಂತೇಹೋಯಿತು. ಪರೀಕ್ಷೆ ಮಾಡುವವರು ಇನ್ನೊಂದು ಹೆಡ್‌ಫೋನನ್ನು ನನ್ನ ಕಿವಿಗಿಟ್ಟರು. ಕೀಂ ಅನ್ನುವ ಸಣ್ಣ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಗಾಜಿನಾಚೆ ನನ್ನ ಮಗಳು ಗುಂಡಿಯ ಮೇಲೆ ಬೆರಳಿಟ್ಟು, ಇನ್ನೂ ಏನೂ ಶುರುವಾಗಿಲ್ಲವೇನೋ ಅನ್ನುವಂತೆ ನಮ್ಮನ್ನೇ ನೋಡುತ್ತಾ ಕಾಯುತ್ತಿದ್ದಳು.

ದಪ್ಪ ಧ್ವನಿ ಅವಳಿಗೆ ಕೇಳುತ್ತದಂತೆ. ತೆಳು ಧ್ವನಿ, ಸಕಾರ ಶಕಾರ, ಇವು ಕೇಳುವುದಿಲ್ಲವಂತೆ. ಹುಟ್ಟಿನಿಂದಲೇ ಇದ್ದಿರಬಹುದು ಅಂದರು. ಇಷ್ಟು ವರ್ಷ ತುಟಿ ನೋಡಿ, ಊಹಿಸಿಕೊಂಡು, ಹೇಗೋ ದಿನ ದೂಡಿದ್ದಾಳೆ.

ಈಗ ಎರಡು ಕಿವಿಯ ಹಿಂದೆ ಗೋಡಂಬಿಗಿಂತ ತುಸು ದೊಡ್ಡದೊಂದು ಯಂತ್ರ. ನಾನೂ ಇವರೂ ಹೋಗಿ ಹಾಕಿಸಿ ಕರೆತರುವಾಗ ರಸ್ತೆಯಲ್ಲಿ ಗಕ್ಕನೆ ನಿಂತಳು.

"ಅಮ್ಮ, ನಿನ್ನ ಧ್ವನಿ ನಾನಂದ್ಕೊಂಡ ಹಾಗಿಲ್ಲ."

"ಮತ್ತೆ ಹೇಗಿದೆ?"

"ಸ್ವಲ್ಪ ಕೀರಲು."

ಇವರು ರಸ್ತೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಮರುಪರೀಕ್ಷೆ ನಿಯಮದಲ್ಲಿಲ್ಲ ಅಂತ ಶಾಲೆಯವರು ಅಂದಾಗ, ಟೀಚರ್ ಆಸ್ಪತ್ರೆಯ ವರದಿ ಲಗತ್ತಿಸಿ ಪರೀಕ್ಷಾ ಮಂಡಳಿಗೆ ಮೂರು ಸಲ ಬರೆದರು. ಕಡೆಗೂ ಒಪ್ಪಿದರು. ಕಳೆದ ಸೋಮವಾರ ಒಬ್ಬಳೇ ಕೂತು ಬರೆದಳು. ಇಪ್ಪತ್ತಕ್ಕೆ ಹತ್ತೊಂಬತ್ತು. ತನ್ನ ಗೆಳತಿಯರ ಗುಂಪಿನಲ್ಲೇ ಉಳಿದಳು. ಕೈಮುಗಿಯಲು ಹೋದರೆ ಟೀಚರ್, "ನಾನೇನು ಮಾಡಿದೆ, ಕೂಡಿ ಕಳೆದು ನೋಡಿದೆ ಅಷ್ಟೇ" ಅಂದರು. ಆ ಪರೀಕ್ಷೆಯನ್ನು ನಾನು ಬೈದಿರುವಷ್ಟು ಯಾರನ್ನೂ ಬೈದಿಲ್ಲ ಅಕ್ಕ. ಈಗ ಅದಕ್ಕೂ ಋಣಿ. ತಪ್ಪುಗಳನ್ನೂ ಒಂದೊಂದಾಗಿ ಓದುವವರೊಬ್ಬರು ಆ ಶಾಲೆಯಲ್ಲಿ ಇದ್ದರಲ್ಲ, ಅದಕ್ಕೆ ಎಷ್ಟು ಋಣಿಯಾದರೂ ಕಡಿಮೆಯೇ.

ಭಾವನ ಮಂಡಿನೋವು ಕಡಿಮೆಯಾಯಿತೇ, ಬರೆ. ಮಕ್ಕಳಿಬ್ಬರೂ ನೂರ್ಕಾಲ ಚೆನ್ನಾಗಿರಲಿ. ನಮ್ಮ ಮೂವರ ಮೇಲೂ ನಿನ್ನ ಆಶೀರ್ವಾದದ ಕೈ ಇರಲಿ.

ನಿನ್ನ ಪ್ರೀತಿಯ ತಂಗಿ,
ಪುಟ್ಟಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸೋಣ ಅಂದುಕೊಂಡಿದ್ದೆ. ಮೊದಲ ಪರೀಕ್ಷೆಗೆ ಎರಡು ದಿನ ಮುಂಚೆ, ಬೆಳಗ್ಗೆ ಅವಳು ನನಗೆ ಬೆನ್ನು ಮಾಡಿ ಶೂ ಕಟ್ಟಿಕೊಳ್ಳುತ್ತಿದ್ದಳು. ಮೂರು ಸಲ ಕರೆದೆ, ತಿರುಗಲಿಲ್ಲ. ಹೋಗಿ ಕೆನ್ನೆಗೆ ಹೊಡೆದೆ. ಅದೇ ಮೊದಲ ಸಲವೂ ಅಲ್ಲ. ಅವಳು ಅಳಲಿಲ್ಲ. "ಸಾರಿ ಅಮ್ಮ" ಅಂದಳು. ಮೊನ್ನೆ ಕೇಳಿದೆ, ತಪ್ಪೇ ಮಾಡದೆ ಅವತ್ತು ಯಾಕೆ ಸಾರಿ ಅಂದೆ ಅಂತ. "ನಿಂಗೆ ಸಿಟ್ಟು ಬಂದಾಗೆಲ್ಲ ಸಾರಿ ಹೇಳ್ತಿದ್ದೆ. ಯಾಕೆ ಸಿಟ್ಟು ಅಂತ ಯಾವತ್ತೂ ಗೊತ್ತಾಗ್ತಿರ್ಲಿಲ್ಲ" ಅಂದಳು. ಆ ಬೆಳಗ್ಗೆ ಯಾಕೆ ಕರೆದೆನೋ, ನನಗೂ ಈಗ ನೆನಪಿಲ್ಲ ಅಕ್ಕ.