ಈಜುರೆಕ್ಕೆಯ ಗುರುತು

ಮಂಗಳವಾರ, ಸಂಜೆ

ಅಕ್ಕಾ,

ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಬೈಯಬೇಡ. ನಾಲ್ಕನೇ ತರಗತಿಯವರೆಗೆ ಓದಿದವಳ ಕೈ ಇಷ್ಟೇ. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತಿಲ್ಲ, ಅಷ್ಟೇ.

ನೀನು ಹೆರಿಗೆಗೆಂದು ಬಿಟ್ಟುಹೋದ ಜಾಗದಲ್ಲೇ, ಮೀನು ಸಾಕಣೆಯ ಲಸಿಕೆ ಮೇಜಿನ ಎಡಗಡೆ, ನನ್ನನ್ನು ನಿಲ್ಲಿಸಿದ್ದಾರೆ. ನಿನ್ನದೇ ಕತ್ತರಿ. ಸೂಜಿ ಅತ್ತೆ ಈಗಲೂ ಬಲಗಡೆ. ನಿದ್ದೆ ಬರಿಸುವ ನೀರಿನಿಂದ ಎತ್ತಿದ ಮೀನಿನ ಹೊಟ್ಟೆಗೆ ಅವಳು ವೈರಸ್ ತಡೆಯುವ ಲಸಿಕೆ ಚುಚ್ಚುತ್ತಾಳೆ, ನಾನು ಈಜುರೆಕ್ಕೆಯ ತುದಿ ಕತ್ತರಿಸುತ್ತೇನೆ. ತುದಿ ಇಲ್ಲದ ಮೀನು ಎಂದರೆ ಲಸಿಕೆ ಆದ ಮೀನು, ನಿನಗೆ ಗೊತ್ತೇ ಇದೆ. "ನಿಮ್ಮಕ್ಕ ಇದ್ದಾಗ ನನ್ನ ಸೂಜಿಗೆ ಉಸಿರಾಡೋಕೂ ಪುರುಸೊತ್ತು ಇರ್ಲಿಲ್ಲ. ನೀನೇನೇ, ಮೀನಿಗೆ ಲಾಲಿ ಹಾಡ್ತಾ ಇದೀಯಾ?" ಎಂದು ಅತ್ತೆ ಎಲ್ಲರನ್ನೂ ನಗಿಸುತ್ತಾಳೆ.

ಮೂರು ವಾರದ ಹಿಂದೆ ಒಂದು ಬುಟ್ಟಿ ಮೀನು ಹೇಗೋ ಲಸಿಕೆ ಇಲ್ಲದೆ ಇಲ್ಲಿನ ಚಿಕ್ಕ ಕೊಳಕ್ಕೆ ಹೋಯಿತು.

ಹೇಗೋ ಅಲ್ಲ ಅಕ್ಕಾ. ಅತ್ತೆ ಹೊಸ ಬಾಟಲಿ ತರಲು ಹೋಗಿದ್ದಳು. ನಿಧಾನ ಎನ್ನಿಸಿಕೊಳ್ಳಬಾರದೆಂದು ಮುಂದಿನ ಬುಟ್ಟಿಯ ರೆಕ್ಕೆಗಳನ್ನು ಮೊದಲೇ ಕತ್ತರಿಸಿಟ್ಟೆ. ಅವಳು ಬಂದು ಗುರುತು ನೋಡಿದಳು, ಇದು ಆಗಿದೆ ಎಂದುಕೊಂಡು ಬುಟ್ಟಿಯನ್ನೇ ಕೊಳಕ್ಕೆ ಸುರಿದಳು. ಮಾತು ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ. ಐನೂರರಲ್ಲಿ ಎಂಬತ್ತು ಮೀನು. ಈಗ ಯಾವುದು ಯಾವುದೆಂದು ದೇವರಿಗೂ ಗೊತ್ತಾಗುವುದಿಲ್ಲ.

ಇವತ್ತು ಮೀನಿನ ಡಾಕ್ಟರಮ್ಮ ಬಂದಿದ್ದರು. ಲಸಿಕೆ ಮೈಗೆ ಹತ್ತುವಷ್ಟು ದಿನ ಆಯಿತು, ನಾಳೆ ಎಲ್ಲವನ್ನೂ ದೊಡ್ಡ ಕೊಳಕ್ಕೆ ಸಾಗಿಸಿ ಎಂದರು. ಹೋದ ವರ್ಷ ಮೀನೆಲ್ಲ ಕಪ್ಪಾಗಿ, ಗಿರಗಿರ ತಿರುಗಿ ಸತ್ತವಲ್ಲ, ಅದೇ ಕೊಳ. ಅಲ್ಲಿಗೆ ಬರುವ ನೀರಿನಲ್ಲಿ ರೋಗ ಇನ್ನೂ ಇದೆಯಂತೆ. ಒಂದೆರಡಕ್ಕೆ ಲಸಿಕೆ ತಪ್ಪಿದ್ದರೆ ಎಂದು ಮೀನು ಸಾಗಿಸುವ ಗಾಡಿಯವನು ಕೇಳಿದ. "ಒಂದೆರಡಾದ್ರೆ ಪರವಾಗಿಲ್ಲಪ್ಪ. ಒಂದು ಹಿಂಡೇ ತಪ್ಪಿದ್ರೆ ಅವು ರೋಗ ಹೆಚ್ಚಿಸಿ ನೀರಿಗೆ ಬಿಡ್ತವೆ. ಆಮೇಲೆ ಲಸಿಕೆ ಆಗಿರೋ ಮೀನು ತಾನೇ ಎಷ್ಟು ಅಂತ ತಡ್ಕೊಳ್ಳುತ್ತೆ?" ಎಂದರು. ನಾನು ಬಕೆಟ್ ತೊಳೆಯುತ್ತಿದ್ದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಮೀನು ಸತ್ತರೆ ತಪ್ಪು ಅತ್ತೆಯ ತಲೆಗೆ ಬರುತ್ತದೆ, ಸೂಜಿ ಅವಳದು ತಾನೇ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಕೆಲಸ ಕೊಡಿಸಿದ ನಿನ್ನ ಮಾತಿನ ಬೆಲೆಯೂ ಹೋಗುತ್ತದೆ. ಕೂತರೆ ನಿಲ್ಲೋಣ ಅನ್ನಿಸುತ್ತದೆ, ನಿಂತರೆ ಕೊಳದ ಹತ್ತಿರ ಹೋಗೋಣ ಅನ್ನಿಸುತ್ತದೆ. ಮೂರು ಸಲ ಹೋಗಿ ಬಂದೆ. ಎಲ್ಲ ಮೀನೂ ಒಂದೇ ಥರ ಆಡುತ್ತಿವೆ.

ಹೇಳಲೋ ಬೇಡವೋ, ನೀನೇ ಬರೆ. ನಿನ್ನ ಉತ್ತರ ಬರಲು ನಾಲ್ಕು ದಿನ ಬೇಕು, ಗಾಡಿ ಬರುವುದು ನಾಳೆ ಬೆಳಿಗ್ಗೆ ಎಂಟಕ್ಕೆ. ಗೊತ್ತಿದ್ದೂ ಕೇಳುತ್ತಿದ್ದೇನೆ.

ಪಾಪುವಿನ ಕೆನ್ನೆ ನನ್ನ ಪರವಾಗಿ ಹಿಂಡು.

ನೀನು ಕರೆಯುವ ಹಾಗೆ,
ನಿನ್ನ ಮೂಗಿ

ಮತ್ತೆ ಸೇರಿಸಿದ್ದು: ಇವತ್ತು ಬುಧವಾರ. ಲಕೋಟೆ ಅಂಟಿಸಿರಲಿಲ್ಲ. ಬೆಳಿಗ್ಗೆ ಅತ್ತೆಗೆ ಹೇಳಿಬಿಟ್ಟೆ. ಅವಳು ತುಂಬ ಹೊತ್ತು ಒಂದೇ ಕೈಗವಸನ್ನು ಎಳೆದುಕೊಳ್ಳುತ್ತಿದ್ದಳು. ಆಮೇಲೆ, "ಅವತ್ತು ಲಸಿಕೆ ಜಾಸ್ತಿ ಉಳಿದಿತ್ತು ಕಣೇ. ನಂಗೂ ಅನುಮಾನ ಬಂದಿತ್ತು. ನಾನೂ ಬಾಯಿ ಬಿಡ್ಲಿಲ್ಲ" ಎಂದಳು. ಇಬ್ಬರೂ ಹೋಗಿ ಚಿಕ್ಕ ಕೊಳದ ಬೇಲಿಯ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದೆವು, ಇಲ್ಲಿಂದ ಯಾರೂ ಮೀನು ಎತ್ತಬಾರದೆಂದು. ಯಾರು ಕಟ್ಟಿದ್ದು ಎಂದು ಗಾಡಿಯವನು ಕೂಗುತ್ತಿದ್ದಾನೆ, ಡಾಕ್ಟರಮ್ಮನೂ ಅವನ ಹಿಂದೆಯೇ ಬರುತ್ತಿದ್ದಾರೆ. ಬಟ್ಟೆ ಹಿಡಿದುಕೊಂಡದ್ದು ಅತ್ತೆ. ಗಂಟು ಹಾಕಿದ್ದು ನಾನು.