ಅಕ್ಕ ಕೊಟ್ಟ ಚಮಚ

ಮೇ ೧೪, ಮಂಗಳವಾರ

ಯಾರಿಗೂ ಹೇಳಿಲ್ಲ. ಈ ಊರು ಬಿಟ್ಟ ಮೇಲೆ ನನಗೆ ನೆನಪಾಗುತ್ತಿದ್ದುದು ನಮ್ಮ ಮನೆಯಲ್ಲ, ಅರ್ಧಕ್ಕೆ ಬಿಟ್ಟ ಶಾಲೆಯಂತೂ ಅಲ್ಲವೇ ಅಲ್ಲ. ತರಕಾರಿ ಮಾರುಕಟ್ಟೆ ಹಿಂದಿನ ಹೋಟೆಲ್ ಅಕ್ಕನ ಬೈಗುಳ.

ಇಂದು ಹೋದೆ. ಅಕ್ಕ ಗುರುತು ಹಿಡಿದು ಫ್ಯಾನಿನ ಕೆಳಗೆ ಕೂರಿಸಿದರು. ಅಷ್ಟರಲ್ಲಿ ಒಬ್ಬಳು ಕಾಲೇಜು ಹುಡುಗಿ ಸೀದಾ ಅಡುಗೆಮನೆಗೆ ನುಗ್ಗಿ, ಹುರಿದ ಆಲೂಗಡ್ಡೆಯ ಬಾಣಲೆಗೆ ಕೈ ಹಾಕಿದಳು.

"ಕೈ ತೊಳ್ಕೊಳ್ಳೇ ಕತ್ತೆ, ನಿಮ್ಮಪ್ಪನ ಮನೇನಾ ಇದು?"

"ಅಪ್ಪಂದಲ್ಲ, ಅಕ್ಕಂದು," ಎಂದಳು ಬಾಯಿ ತುಂಬಿಕೊಂಡು.

ನನಗೆ ಹೊಟ್ಟೆ ಉರಿದುಹೋಯಿತು. ಆ ಬೈಗುಳ ನನ್ನದು. ಬೇಕೆಂದೇ ಎದ್ದು ಹೋಗಿ, ಕೈ ತೊಳೆಯದೆ ಅದೇ ಬಾಣಲೆಗೆ ಕೈ ಹಾಕಿದೆ.

ಅಕ್ಕ ನಕ್ಕು ಒಂದು ಚಮಚ ಕೊಟ್ಟರು. "ನೀನ್ಯಾಕಪ್ಪಾ ಎದ್ದು ಬಂದೆ? ನಾನೇ ತಂದ್ಕೊಡ್ತಿದ್ನಲ್ಲ."

ಆಲೂಗಡ್ಡೆ ಮೊದಲಿನಷ್ಟೇ ರುಚಿಯಾಗಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕೂ ಈಗ ಹೊಟ್ಟೆಕಿಚ್ಚು ಬಿಡುತ್ತಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.